ಮೌಸ್ ಮತ್ತು ರ‍್ಯಾಟ್ ಇಸಿಜಿ: ಈ ಬೇಸ್‌ಲೈನ್ ಅಂಕಿಗಳನ್ನು ನಾರ್ಮಲ್ ಅನ್ನಬಹುದೇ?

ದಾವಣಗೆರೆ_ಫಾರ್ಮಕಾಲಜಿ

ನಮಸ್ಕಾರ. ಎಂ.ಫಾರ್ಮ್ ಪ್ರಾಜೆಕ್ಟಿಗೆ ವಿಸ್ಟಾರ್ ರ‍್ಯಾಟ್‌ಗಳಲ್ಲಿ ಐಸೊಪ್ರಿನಲಿನ್ ಮಾದರಿ (ಆ ಔಷಧ ಕೊಟ್ಟು ಹೃದಯಕ್ಕೆ ಹಾನಿ ಮಾಡಿ ನೋಡುವುದು) ಮಾಡಲಿದ್ದೇವೆ. ಅದಕ್ಕೂ ಮುಂಚೆ, ಏನೂ ಔಷಧ ಕೊಡದ ಪ್ರಾಣಿಗಳ ಇಸಿಜಿ ಕೈಯಲ್ಲಿರಬೇಕು. ಸ್ವಿಸ್ ಆಲ್ಬಿನೊ ಮೌಸ್‌ಗಳಲ್ಲೂ ಬೇಸ್‌ಲೈನ್ ತೆಗೆಯಿರಿ ಎಂದು ಗೈಡ್ ಹೇಳಿದ್ದಾರೆ. ಐಎಇಸಿ (ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ) ಅನುಮತಿ ಆಗಿದೆ.

ಈಗಿನ ವ್ಯವಸ್ಥೆ ಹೀಗಿದೆ: ಆಸ್ಪತ್ರೆಯಲ್ಲಿ ಮನುಷ್ಯರಿಗೆ ಬಳಸುವ ಮೂರು ಚಾನೆಲ್ಲಿನ ಇಸಿಜಿ ಯಂತ್ರ, ಕಾಗದದ ವೇಗ ಸೆಕೆಂಡಿಗೆ 25 ಮಿ.ಮೀ., ಸ್ನಾಯು ಫಿಲ್ಟರ್ 35 ಹರ್ಟ್ಸ್, 50 ಹರ್ಟ್ಸ್ ನಾಚ್ (ಕರೆಂಟಿನ ಗದ್ದಲವನ್ನು ಮಾತ್ರ ಕತ್ತರಿಸುವ ಫಿಲ್ಟರ್) ಆನ್. ಅರಿವಳಿಕೆಗೆ ಕೆಟಮಿನ್–ಜೈಲಜಿನ್ ಐ.ಪಿ. (ಹೊಟ್ಟೆಯೊಳಗೆ ಚುಚ್ಚುಮದ್ದು), ಮೌಸ್‌ಗೆ 100 ಮತ್ತು 10 ಮಿ.ಗ್ರಾಂ/ಕೆಜಿ, ರ‍್ಯಾಟ್‌ಗೆ 80 ಮತ್ತು 10. ಕಾಲುಗಳಿಗೆ ಕ್ರೊಕೊಡೈಲ್ ಕ್ಲಿಪ್, ಜೆಲ್. ಪ್ರಾಣಿಯನ್ನು ಥರ್ಮೊಕೋಲ್ ಹಲಗೆಯ ಮೇಲೆ ಅಂಗಾತ ಮಲಗಿಸುತ್ತೇವೆ.

ಮೌಸ್‌ನಲ್ಲಿ ಬಂದದ್ದು: ದರ ನಿಮಿಷಕ್ಕೆ 270, ಪಿಆರ್ (ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಸಂಕೇತ ಸಾಗುವ ಹೊತ್ತು) 52 ಮಿ.ಸೆ., ಕ್ಯೂಆರ್‌ಎಸ್ (ಹೃತ್ಕುಕ್ಷಿಗೆ ಸಂಕೇತ ಹರಡುವ ಹೊತ್ತು) 24, ಕ್ಯೂಟಿ (ಅಲ್ಲಿಂದ ಹೃತ್ಕುಕ್ಷಿ ಮತ್ತೆ ಮೊದಲಿನ ಸ್ಥಿತಿಗೆ ಮರಳುವವರೆಗಿನ ಹೊತ್ತು) 110, ಬ್ಯಾಜೆಟ್ ಸೂತ್ರದಲ್ಲಿ ಕ್ಯೂಟಿಸಿ (ಬಡಿತದ ದರಕ್ಕೆ ಹೊಂದಿಸಿದ ಕ್ಯೂಟಿ) 233. ರ‍್ಯಾಟ್‌ನಲ್ಲಿ: ದರ 240, ಪಿಆರ್ 58, ಕ್ಯೂಆರ್‌ಎಸ್ 28, ಕ್ಯೂಟಿ 95. ಜೊತೆಗೆ ರ‍್ಯಾಟ್‌ಗಳಲ್ಲಿ ಔಷಧ ಕೊಡುವ ಮೊದಲೇ ಎಸ್‌ಟಿ (ಕ್ಯೂಆರ್‌ಎಸ್ ಮತ್ತು ಟಿ ಅಲೆಯ ನಡುವಿನ ಗೆರೆ) ಮೇಲೆದ್ದಂತೆ ಕಾಣುತ್ತದೆ.

ಇವು ನಾರ್ಮಲ್ಲೇ? ಅಲ್ಲದಿದ್ದರೆ, ಕಡಿಮೆ ಖರ್ಚಿನಲ್ಲಿ ಮೊದಲು ಯಾವುದನ್ನು ಬದಲಿಸಬೇಕು?

ಲೀಡ್_ಟೂ

ಮೊದಲು ಕಾಗದದ ಲೆಕ್ಕ. 25 ಮಿ.ಮೀ. ವೇಗದಲ್ಲಿ ಒಂದು ಚಿಕ್ಕ ಚೌಕ ಎಂದರೆ 40 ಮಿ.ಸೆ. ನೀವು ಬರೆದ 24 ಮಿ.ಸೆ. ಕ್ಯೂಆರ್‌ಎಸ್ ಆ ಕಾಗದದ ಮೇಲೆ 0.6 ಮಿ.ಮೀ. ಗೆರೆಯ ದಪ್ಪವೇ ಅದರ ಅರ್ಧದ ಹತ್ತಿರ ಬರುತ್ತದೆ. ಅಂದರೆ 24 ಎಂಬುದು ಅಳತೆಯಲ್ಲ, ಅಂದಾಜು. 50 ಮಿ.ಮೀ. ವೇಗಕ್ಕೆ ಹಾಕಿದರೂ ಚೌಕಕ್ಕೆ 20 ಮಿ.ಸೆ. ಆಗುತ್ತದೆ, ಮೌಸ್‌ನ ಇಡೀ ಕ್ಯೂಆರ್‌ಎಸ್ ಒಂದು ಚೌಕದೊಳಗೆ ಅಡಗುತ್ತದೆ. ಕಾಗದದಿಂದ ನಂಬಬಹುದಾದದ್ದು ಹೃದಯದ ದರ ಮಾತ್ರ, ಅದನ್ನೂ ಆರ್‌ಗಳನ್ನು (ಪ್ರತಿ ಬಡಿತದ ಚೂಪಾದ ಎತ್ತರದ ಅಲೆ) ಕೈಯಲ್ಲೇ ಎಣಿಸಿ ತೆಗೆಯಬೇಕು. ಪರದೆಯ ಮೇಲೆ ಯಂತ್ರ ತೋರಿಸುವ ದರವನ್ನು ನೆಚ್ಚಬೇಡಿ. ಇಷ್ಟು ವೇಗದ ಬಡಿತಕ್ಕೆ ಮಾಡಿದ ಎಣಿಕೆಯಲ್ಲ ಅದು, ಒಂದು ಬಿಟ್ಟು ಒಂದನ್ನು ಎಣಿಸಿ ಅರ್ಧ ದರ ತೋರಿಸುವುದುಂಟು.

ಇನ್ನು ದರ. ಎಚ್ಚರವಿರುವ ಮೌಸ್‌ನ ಹೃದಯ ನಿಮಿಷಕ್ಕೆ 500ರಿಂದ 700 ಸಲ ಬಡಿಯುತ್ತದೆ. ಅರಿವಳಿಕೆ ಅನಿಲ ಐಸೊಫ್ಲುರೇನ್ ಸುಮಾರು 1.5%, ಮೈ 37 ಡಿಗ್ರಿ ಇದ್ದರೆ 450–550 ಸಿಗಬೇಕು. 270 ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಇದಕ್ಕೆ ಕಾರಣ ಎರಡು, ಎರಡೂ ನಿಮ್ಮ ಪ್ರಶ್ನೆಯಲ್ಲೇ ಇವೆ.

ಒಂದು ಜೈಲಜಿನ್. ಅದು ಆಲ್ಫಾ-2 ಗ್ರಾಹಕಗಳ ಮೂಲಕ ಸಿಂಪಥೆಟಿಕ್ (ಹೃದಯವನ್ನು ಚುರುಕುಗೊಳಿಸುವ ನರ) ಹರಿವನ್ನು ಕಡಿಮೆ ಮಾಡುತ್ತದೆ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಕೈ ಮೇಲಾಗುತ್ತದೆ. ಸೈನಸ್ ದರ ಇಳಿಯುತ್ತದೆ, ಎವಿ ನೋಡ್‌ನಲ್ಲಿ (ಹೃತ್ಕರ್ಣ–ಹೃತ್ಕುಕ್ಷಿಗಳ ನಡುವಿನ ಗಂಟು) ಸಾಗಾಟ ನಿಧಾನವಾಗಿ ಪಿಆರ್ ಉದ್ದವಾಗುತ್ತದೆ, ಕೆಲವು ಪ್ರಾಣಿಗಳಲ್ಲಿ ಎರಡನೇ ದರ್ಜೆಯ ಬ್ಲಾಕ್ (ಕೆಲವು ಸಂಕೇತಗಳು ಕೆಳಕ್ಕೆ ದಾಟದೆ ಬಡಿತ ಬಿಟ್ಟುಹೋಗುವುದು) ಕೂಡ ಕಾಣಿಸಿಕೊಳ್ಳುತ್ತದೆ. ಆ ಬ್ಲಾಕನ್ನು ಕಂಡು ‘ಈ ತಳಿಯಲ್ಲಿ ಎವಿ ಬ್ಲಾಕ್ ಇದೆ’ ಎಂದು ಬರೆದುಬಿಟ್ಟರೆ ಮುಗಿಯಿತು.

ಎರಡು ತಾಪಮಾನ. ಥರ್ಮೊಕೋಲ್ ಶಾಖವನ್ನು ತಡೆದಿಡುತ್ತದೆ, ಕೊಡುವುದಿಲ್ಲ. 25 ಗ್ರಾಂ ತೂಕದ ಪ್ರಾಣಿಗೆ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೇಲ್ಮೈ ಬಹಳ ದೊಡ್ಡದು. ಅರಿವಳಿಕೆಯಲ್ಲಿ ನಡುಕ ನಿಂತಿರುತ್ತದೆ, ಬಿಸಿ ಕೊಡದಿದ್ದರೆ ಹತ್ತು ಹದಿನೈದು ನಿಮಿಷದಲ್ಲೇ ಮೈ ಹಲವು ಡಿಗ್ರಿ ತಣ್ಣಗಾಗುತ್ತದೆ. ತಣ್ಣಗಾದ ಹೃದಯದಲ್ಲಿ ದರ ಇಳಿಯುತ್ತದೆ. ಪಿಆರ್, ಕ್ಯೂಆರ್‌ಎಸ್, ಕ್ಯೂಟಿ ಮೂರೂ ಹಿಗ್ಗುತ್ತವೆ. ನಿಮ್ಮ ಅಂಕಿಗಳ ಚಿತ್ರ ನಿಖರವಾಗಿ ಇದೇ.

ಹೋಲಿಸಿಕೊಳ್ಳಲು, ಐಸೊಫ್ಲುರೇನ್‌ನಲ್ಲಿ 37 ಡಿಗ್ರಿಯಲ್ಲಿ ಮೌಸ್‌ಗೆ ಸಾಮಾನ್ಯವಾಗಿ ಸಿಗುವುದು ಪಿಆರ್ 35–45 ಮಿ.ಸೆ., ಕ್ಯೂಆರ್‌ಎಸ್ 10–15, ಕ್ಯೂಟಿ 40–60. ಕ್ಯೂಟಿ ಇಷ್ಟು ಅಗಲವಾಗಿ ಹರಡಿರುವುದಕ್ಕೆ ಮುಖ್ಯ ಕಾರಣ ಪ್ರಾಣಿಯಲ್ಲ, ಟಿ ಎಲ್ಲಿ ಮುಗಿಯಿತು ಎಂದು ಅಳೆಯುವವರು ತೀರ್ಮಾನಿಸುವ ರೀತಿ. ರ‍್ಯಾಟ್‌ಗೆ ದರ 300–400, ಪಿಆರ್ 40–55, ಕ್ಯೂಆರ್‌ಎಸ್ 15–22, ಕ್ಯೂಟಿ 60–90.

ಮೊದಲು ಬದಲಿಸಬೇಕಾದದ್ದು ಏನು ಎಂದರೆ ತಾಪಮಾನ. ಯಂತ್ರ ಆಮೇಲೆ.

ಸೋಸುಗ

ಯಂತ್ರವನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಬೇಡಿ ಸರ್. 35 ಹರ್ಟ್ಸ್ ಫಿಲ್ಟರೊಂದೇ ಈ ಕ್ಯೂಆರ್‌ಎಸ್ ಅಂಕಿಯನ್ನು ಕೆಡಿಸಲು ಸಾಕು.

ಲೋ-ಪಾಸ್ ಫಿಲ್ಟರ್ (ಕಟಾಫ್‌ಗಿಂತ ಮೇಲಿನ ಆವರ್ತನಗಳನ್ನು ತಡೆಯುವುದು) ಒಂದರ ಏರುಗಾಲ ಸುಮಾರು 0.35 ಭಾಗಿಸು ಕಟಾಫ್. 35 ಹರ್ಟ್ಸ್‌ಗೆ ಅದು 10 ಮಿ.ಸೆ. ಮೌಸ್‌ನ ಇಡೀ ಕ್ಯೂಆರ್‌ಎಸ್ ಇರುವುದೇ ಅಷ್ಟು! ಚೂಪಾದ ಆರ್ ಅಲೆ ಕುಗ್ಗಿ, ಅಗಲವಾಗಿ, ಕ್ಯೂಆರ್‌ಎಸ್ ಬೆನ್ನಿಗೇ ಬರುವ ಜೆ ಅಲೆಯೊಂದಿಗೆ ಕಲೆಸಿಕೊಳ್ಳುತ್ತದೆ. ಮಾನವ ಇಸಿಜಿಯ ‘ಡಯಾಗ್ನೊಸ್ಟಿಕ್’ ಮೋಡ್‌ನ 150 ಹರ್ಟ್ಸ್‌ನಲ್ಲಿ ಏರುಗಾಲ 2.3 ಮಿ.ಸೆ., ರ‍್ಯಾಟ್‌ಗೆ ಹೇಗೋ ನಡೆಯುತ್ತದೆ, ಮೌಸ್‌ಗೆ ಸಾಲದು. 500 ಹರ್ಟ್ಸ್ ಇಟ್ಟರೆ 0.7 ಮಿ.ಸೆ., ಅದು ಸರಿ. ಹಾಗಾಗಿ ಇವತ್ತೇ, ಒಂದು ಪೈಸೆ ಖರ್ಚಿಲ್ಲದೆ, ಸ್ನಾಯು ಫಿಲ್ಟರ್ ಆಫ್ ಮಾಡಿ.

ಸ್ಯಾಂಪಲಿಂಗ್: 10 ಮಿ.ಸೆ. ಕ್ಯೂಆರ್‌ಎಸ್‌ನಲ್ಲಿ 250 ಹರ್ಟ್ಸ್ ಆದರೆ ಎರಡು ಮೂರು ಬಿಂದು, 500 ಆದರೆ ಐದು, 1 ಕಿಲೋಹರ್ಟ್ಸ್ ಆದರೆ ಹತ್ತು. ಮೌಸ್‌ಗೆ 2 ಕಿಲೋಹರ್ಟ್ಸ್ ಇಡಿ, 4 ಇದ್ದರೂ ನಷ್ಟವಿಲ್ಲ, ಫೈಲ್ ದೊಡ್ಡದಾಗುತ್ತದೆ ಅಷ್ಟೇ. ರ‍್ಯಾಟ್‌ಗೆ 1 ಕಿಲೋಹರ್ಟ್ಸ್ ಕನಿಷ್ಠ. ಆಂಪ್ಲಿಫೈಯರ್ ರೇಂಜ್ ಪ್ಲಸ್-ಮೈನಸ್ 5 ಮಿಲಿವೋಲ್ಟ್‌ನಿಂದ ಶುರುಮಾಡಿ, ಅಲೆ ಕತ್ತರಿಸದಿದ್ದರೆ 2ಕ್ಕೆ ಇಳಿಸಿ.

ಹೈ-ಪಾಸ್ (ಕಟಾಫ್‌ಗಿಂತ ಕೆಳಗಿನ ನಿಧಾನ ಏರಿಳಿತವನ್ನು ತಡೆಯುವ ಫಿಲ್ಟರ್) ಬಗ್ಗೆ ಜನ ತಪ್ಪು ತಿಳಿಯುವುದು ಇಲ್ಲಿ: ಉಸಿರಿಗೆ ತಕ್ಕಂತೆ ಬೇಸ್‌ಲೈನ್ ತೇಲುತ್ತದೆ, ಅದನ್ನು ನೆಟ್ಟಗೆ ಮಾಡಲು 10 ಹರ್ಟ್ಸ್ ಹಾಕಿಬಿಡುತ್ತಾರೆ. ನಿಮಿಷಕ್ಕೆ 600 ಬಡಿತ ಎಂದರೆ ಸೆಕೆಂಡಿಗೆ ಸರಿಯಾಗಿ 10. ನೀವು ಕತ್ತರಿಸಿದ್ದು ಹೃದಯದ ಮೂಲ ಆವರ್ತನವನ್ನೇ. ಆಗ ಕ್ಯೂಆರ್‌ಎಸ್ ಆದಮೇಲೆ ಗೆರೆ ಕೆಳಗೆ ಜಾರಿ, ಇಲ್ಲದ ಎಸ್‌ಟಿ ಇಳಿತ ಹುಟ್ಟುತ್ತದೆ. 0.5ರಿಂದ 1 ಹರ್ಟ್ಸ್ ಸಾಕು. ಉಳಿದ ತೇಲಾಟ ಸರಾಸರಿ ತೆಗೆಯುವಾಗ ತಾನೇ ಹೋಗುತ್ತದೆ.

ನಾಚ್ ಫಿಲ್ಟರನ್ನೂ ಆಫ್ ಮಾಡಿ ಎನ್ನುವವನು ನಾನು. ಮನುಷ್ಯರ ಇಸಿಜಿಯಲ್ಲಿ 50 ಹರ್ಟ್ಸ್ ಹತ್ತಿರ ಕಳೆದುಕೊಳ್ಳುವುದು ಕಡಿಮೆ. ಮೌಸ್‌ನಲ್ಲಿ ಹಾಗಲ್ಲ: ದರ 600 ಇದ್ದರೆ ಐದನೇ ಹಾರ್ಮೋನಿಕ್ (ಮೂಲ ಆವರ್ತನದ ಐದು ಪಟ್ಟು), 500 ಇದ್ದರೆ ಆರನೆಯದು, ನೇರವಾಗಿ 50ರ ಮೇಲೆ ಬಂದು ಕೂರುತ್ತದೆ. ಪಿ ಅಲೆಯ ಅಗಲ ಸುಮಾರು 10 ಮಿ.ಸೆ., ಅಂದರೆ 50 ಹರ್ಟ್ಸ್‌ನ ಅರ್ಧ ಆವರ್ತ. ನಾಚ್ ಇವನ್ನು ತಿನ್ನುತ್ತದೆ, ಆರ್ ಆದಮೇಲೆ ಸಣ್ಣ ಸಣ್ಣ ಅಲೆಗಳ ಸಾಲನ್ನೂ ಬಿಟ್ಟುಹೋಗುತ್ತದೆ. ಆ ಸಾಲನ್ನು ಟಿ ಅಲೆ ಎಂದು ಅಳೆದವರೂ ಇದ್ದಾರೆ.

50 ಹರ್ಟ್ಸ್ ಬರುವ ದಾರಿಯನ್ನು ಮುಚ್ಚುವುದೇ ಮದ್ದು. ಹುಡುಕುವ ವಿಧಾನ: ಮೂರೂ ಎಲೆಕ್ಟ್ರೋಡ್‌ಗಳ ತುದಿಯನ್ನು ಒಂದಕ್ಕೊಂದು ತಾಗಿಸಿ ಹಿಡಿಯಿರಿ. ಗೆರೆ ಚಪ್ಪಟೆಯಾದರೆ ಯಂತ್ರ, ಕೇಬಲ್ ಸರಿ ಇವೆ. ದೋಷ ಪ್ರಾಣಿಯ ಬಳಿ ಇದೆ, ಒಂದೋ ಸಂಪರ್ಕ ಸಡಿಲ, ಇಲ್ಲವೇ ತಂತಿಗಳು ದೂರ ದೂರ ಹರಡಿ ದೊಡ್ಡ ಕುಣಿಕೆಯಾಗಿವೆ. ಚಪ್ಪಟೆಯಾಗದಿದ್ದರೆ ಅರ್ಥಿಂಗ್ ಇಲ್ಲವೇ ಕೇಬಲ್ ನೋಡಿ. ಆಮೇಲೆ ಹೀಟಿಂಗ್ ಪ್ಯಾಡ್, ಟ್ಯೂಬ್‌ಲೈಟ್, ಲ್ಯಾಪ್‌ಟಾಪ್ ಚಾರ್ಜರ್, ಪಂಪ್ ಒಂದೊಂದಾಗಿ ಪ್ಲಗ್‌ನಿಂದಲೇ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಎಷ್ಟೋ ಬೋರ್ಡ್‌ಗಳಲ್ಲಿ ಸ್ವಿಚ್ ನ್ಯೂಟ್ರಲ್ ಕಡೆ ಇರುತ್ತದೆ. ಮೂರು ತಂತಿಗಳನ್ನು ಜಡೆಯಂತೆ ಹೆಣೆದು ಪ್ರಾಣಿಯ ಹತ್ತಿರ ಮಾತ್ರ ಬಿಡಿಸಿ. ಕೆಳಗೊಂದು ಅಲ್ಯೂಮಿನಿಯಂ ತಗಡು, ಅದನ್ನು ಆಂಪ್ಲಿಫೈಯರಿನ ಗ್ರೌಂಡಿಗೆ ಒಂದೇ ಜಾಗದಲ್ಲಿ ಜೋಡಿಸಿ. ಎರಡು ಕಡೆ ಅರ್ಥ್ ಕೊಟ್ಟರೆ ಗ್ರೌಂಡ್ ಲೂಪ್ ಆಗಿ ಇದ್ದದ್ದಕ್ಕಿಂತ ಹೆಚ್ಚಾಗುತ್ತದೆ. ಅರ್ಥ್ ಆದ ಗುದ ಪ್ರೋಬ್ (ಮೈ ತಾಪಮಾನ ಅಳೆಯುವುದು) ಕೂಡ ಎರಡನೇ ಅರ್ಥೇ, ಅದನ್ನು ಮರೆಯಬೇಡಿ.

ಪಶುವೈದ್ಯ_ಬೀದರ್

ಕ್ರೊಕೊಡೈಲ್ ಕ್ಲಿಪ್ ಬಿಡಿ. ಚರ್ಮ ಜಜ್ಜುತ್ತದೆ, ಕಾಲಿನ ರಕ್ತ ಓಡಾಟ ನಿಲ್ಲುತ್ತದೆ, ಕೂದಲ ಮೇಲೆ ಸಂಪರ್ಕವೂ ನೆಟ್ಟಗಿರುವುದಿಲ್ಲ. 27 ಇಲ್ಲವೇ 29 ಗೇಜ್ ಸ್ಟೀಲ್ ಸೂಜಿ ಎಲೆಕ್ಟ್ರೋಡ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಹೈಪೊಡರ್ಮಿಕ್ ಸೂಜಿಯ ಲೋಹದ ಭಾಗಕ್ಕೆ ತೆಳು ತಂತಿ ಬೆಸೆದರೂ ಆಗುತ್ತದೆ. ಆದರೆ ಮೂರೂ ಒಂದೇ ಗೇಜ್, ಒಂದೇ ಉದ್ದ ಇರಲಿ. ಸಂಪರ್ಕದ ತಡೆ ಎರಡೂ ಕಡೆ ಸಮವಿಲ್ಲದಿದ್ದರೆ, ಮೇಲೆ ಹೇಳಿದ 50 ಹರ್ಟ್ಸ್ ಅಲ್ಲಿಂದಲೇ ಒಳಗೆ ನುಗ್ಗುತ್ತದೆ.

ಲೀಡ್ ಎರಡಕ್ಕೆ (ಇಸಿಜಿ ಅಳೆಯುವ ಒಂದು ದಿಕ್ಕು): ನೆಗೆಟಿವ್ ಬಲ ಮುಂಗಾಲು, ಪಾಸಿಟಿವ್ ಎಡ ಹಿಂಗಾಲು, ಗ್ರೌಂಡ್ ಬಲ ಹಿಂಗಾಲು. ಕಾಲಿನ ಮೇಲ್ಭಾಗದ ಚರ್ಮವನ್ನು ಚಿಮಟದಿಂದ ಎತ್ತಿ, ಸೂಜಿಯನ್ನು ಮೈಗೆ ಸಮಾನಾಂತರವಾಗಿ 3–5 ಮಿ.ಮೀ. ಚರ್ಮದಡಿ ಜಾರಿಸಿ. ತುದಿ ಅತ್ತಿತ್ತ ಸಡಿಲವಾಗಿ ಆಡಬೇಕು. ಬಿಗಿಯಾಗಿದ್ದರೆ ಸ್ನಾಯುವಿಗೆ ಹೊಕ್ಕಿದೆ, ಆಗ ಗೆರೆಯ ಮೇಲೆ ಸ್ನಾಯುವಿನ ಗದ್ದಲ ಕೂರುತ್ತದೆ. ಎದೆಗೆ ತೀರಾ ಹತ್ತಿರ ಹಾಕಿದರೆ ಪ್ರತಿ ಉಸಿರಿಗೂ ಬೇಸ್‌ಲೈನ್ ಏರಿಳಿಯುತ್ತದೆ. ಮುಂಗಾಲುಗಳನ್ನು ಎಳೆದು ಟೇಪ್ ಹಚ್ಚಬೇಡಿ, ಪಕ್ಕೆಲುಬಿನ ಚಲನೆಗೆ ಅಡ್ಡಿಯಾಗಿ ಪ್ರಾಣಿ ಏದುಸಿರು ಬಿಡುತ್ತದೆ. ಪಿ ಅಲೆ ಕೆಳಮುಖವಾಗಿ ಬಂದರೆ ಬೇರೆ ಏನನ್ನೂ ಯೋಚಿಸುವ ಮೊದಲು ತಂತಿ ಅದಲುಬದಲಾಗಿದೆಯೇ ನೋಡಿ.

ಚರ್ಮ ಒರೆಸಲು ಸ್ಪಿರಿಟ್ ಸುರಿಯಬೇಡಿ. ಆವಿಯಾಗುವಾಗ ಮೌಸ್‌ನ ಮೈ ಶಾಖವನ್ನೇ ಹೊತ್ತೊಯ್ಯುತ್ತದೆ.

ಬಿಸಿಗೆ ಉತ್ತಮವಾದದ್ದು ಗುದ ಪ್ರೋಬ್‌ನಿಂದ ನಿಯಂತ್ರಣಗೊಳ್ಳುವ ಡಿಸಿ ಪ್ಯಾಡ್. ಅದಿಲ್ಲದಿದ್ದರೆ ಬಿಸಿನೀರು ಹರಿಯುವ ಪ್ಯಾಡ್. ವಾಟರ್‌ಬಾತ್‌ನಿಂದ ಕೊಳವೆ ಎಳೆದು ಮಾಡಿಕೊಳ್ಳಬಹುದು, ವಿದ್ಯುತ್ ಗದ್ದಲವೂ ಇಲ್ಲ. ದೊಡ್ಡ ಇನ್‌ಫ್ರಾರೆಡ್ ಬಲ್ಬನ್ನು ಹತ್ತಿರ ಇಟ್ಟರೆ ಪ್ರಾಣಿಗೆ ಸುಟ್ಟಗಾಯವಾಗುತ್ತದೆ, ಅರಿವಳಿಕೆಯಲ್ಲಿರುವ ಪ್ರಾಣಿ ಸರಿದುಕೊಳ್ಳಲಾರದು. ಪ್ರೋಬ್‌ಗೆ ವ್ಯಾಸಲಿನ್ ಹಚ್ಚಿ ಮೌಸ್‌ಗೆ ಸುಮಾರು 2 ಸೆಂ.ಮೀ., ರ‍್ಯಾಟ್‌ಗೆ 4 ಸೆಂ.ಮೀ. ಒಳಗೆ, ತುದಿಯಲ್ಲೇ ನಿಂತರೆ ಒಂದೆರಡು ಡಿಗ್ರಿ ಕಡಿಮೆ ತೋರಿಸಿ, ಪ್ಯಾಡ್ ವಿನಾಕಾರಣ ಬಿಸಿಯಾಗುತ್ತದೆ. 37 ಪ್ಲಸ್-ಮೈನಸ್ 0.5 ಡಿಗ್ರಿಯ ಹೊರಗೆ ಬಂದ ದಾಖಲೆಯನ್ನು ಬೇಸ್‌ಲೈನ್‌ಗೆ ಸೇರಿಸಬೇಡಿ.

ಅರಿವಳಿಕೆ: ಆಗುವುದಾದರೆ ಐಸೊಫ್ಲುರೇನ್. ಪೆಟ್ಟಿಗೆಯಲ್ಲಿ 3–4% ಕೊಟ್ಟು ಮಲಗಿಸಿ, ಮೂಗಿನ ಕೋನ್‌ನಲ್ಲಿ 1.5%, ಆಕ್ಸಿಜನ್ ನಿಮಿಷಕ್ಕೆ ಅರ್ಧ ಲೀಟರ್ ಸುತ್ತಮುತ್ತ. ರ‍್ಯಾಟ್‌ಗೆ ಸ್ವಲ್ಪ ಹೆಚ್ಚು, 2%ವರೆಗೆ. ಬೆರಳ ಸಂದು ಹಿಂಡಿದರೆ ಕಾಲೆಳೆಯಬಾರದು, ಆದರೆ ಉಸಿರು ಏದುಸಿರಾಗಬಾರದು. ಸೂಜಿ ಹಾಕಿದ ಮೇಲೆ 5–10 ನಿಮಿಷ ಸುಮ್ಮನಿದ್ದು, ದರ ನೆಲೆಗೆ ನಿಂತ ಮೇಲೆ 3–5 ನಿಮಿಷ ದಾಖಲಿಸಿ. ಮೌಸ್‌ನಲ್ಲಿ ದರ 400ಕ್ಕಿಂತ ಕೆಳಗೆ ಹೋಗುತ್ತಿದ್ದರೆ ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ವೇಪರೈಸರ್ (ಐಸೊಫ್ಲುರೇನ್ ಪ್ರಮಾಣ ನಿಯಂತ್ರಿಸುವ ಉಪಕರಣ). ಉಳಿದ ಅನಿಲವನ್ನು ಇದ್ದಿಲಿನ ಡಬ್ಬಿಗೆ ಬಿಡಿ; ಡಬ್ಬಿಯ ತೂಕ ಬರೆದಿಟ್ಟುಕೊಂಡು, ತಯಾರಕರು ಹೇಳಿದಷ್ಟು ಏರಿದ ಮೇಲೆ ಬದಲಿಸಿ.

ವೇಪರೈಸರ್ ಇಲ್ಲ, ಕೆಟಮಿನ್–ಜೈಲಜಿನ್ನೇ ಗತಿ ಎಂದಾದರೆ ಮೌಸ್‌ಗೆ ಒಂದು ಮಿಶ್ರಣ ಮಾಡಿಕೊಳ್ಳಿ: 50 ಮಿ.ಗ್ರಾಂ/ಮಿ.ಲೀ. ಕೆಟಮಿನ್ 2 ಮಿ.ಲೀ., 20 ಮಿ.ಗ್ರಾಂ/ಮಿ.ಲೀ. ಜೈಲಜಿನ್ 0.5 ಮಿ.ಲೀ., ಸಲೈನ್ 7.5 ಮಿ.ಲೀ. ಇದನ್ನು 10 ಗ್ರಾಂ ತೂಕಕ್ಕೆ 0.1 ಮಿ.ಲೀ.ನಂತೆ ಕೊಟ್ಟರೆ ನಿಮ್ಮ 100 ಮತ್ತು 10 ಆಗುತ್ತದೆ. 25 ಗ್ರಾಂ ಮೌಸ್‌ಗೆ 0.25 ಮಿ.ಲೀ. ನೇರ ವಯಲ್‌ನಿಂದ 0.05 ಮಿ.ಲೀ. ಎಳೆಯಲು ಹೋದರೆ ಸಿರಿಂಜಿನ ಕತ್ತಿನಲ್ಲಿ ಉಳಿಯುವುದೇ ದೊಡ್ಡ ಪಾಲಾಗುತ್ತದೆ. ಈ ಔಷಧದ ಪರಿಣಾಮ ನಿಮಿಷ ನಿಮಿಷಕ್ಕೂ ಬದಲಾಗುವುದರಿಂದ ಎಲ್ಲ ಪ್ರಾಣಿಗಳಲ್ಲೂ ಒಂದೇ ಸಮಯದ ಕಿಟಕಿ ಹಿಡಿಯಿರಿ, ಉದಾಹರಣೆಗೆ ಚುಚ್ಚಿದ 10ರಿಂದ 15ನೇ ನಿಮಿಷ. ಕಣ್ಣು ತೆರೆದೇ ಇರುತ್ತದೆ, ಮುಲಾಮು ಹಚ್ಚಿ. ಕೆಟಮಿನ್ ಕಟ್ಟುನಿಟ್ಟಿನ ನಿಯಂತ್ರಣದ ಔಷಧಗಳ ಪಟ್ಟಿ ಶೆಡ್ಯೂಲ್ ಎಕ್ಸ್‌ನಲ್ಲಿದೆ, ರಿಜಿಸ್ಟರ್‌ನಲ್ಲಿ ಪ್ರತಿ ಮಿ.ಲೀ.ಗೂ ಲೆಕ್ಕ ಬೇಕು.

ಅರಿವಳಿಕೆಗೆ ಮುನ್ನ ರಾತ್ರಿಯಿಡೀ ಉಪವಾಸ ಬೇಡ. ಇಲಿಗಳು ವಾಂತಿ ಮಾಡಲಾರವು. ಉಪವಾಸದಿಂದ ಮೌಸ್‌ನ ಸಕ್ಕರೆ ಮತ್ತು ಮೈ ಬಿಸಿ ಇಳಿಯುವುದಷ್ಟೇ ಲಾಭ. ಅರಿವಳಿಕೆ ಬದಲಿಸುವುದಾದರೆ ಐಎಇಸಿಗೆ ತಿದ್ದುಪಡಿ ಕಳಿಸಿ ಒಪ್ಪಿಗೆ ಪಡೆದೇ ಶುರುಮಾಡಿ.

ದಾವಣಗೆರೆ_ಫಾರ್ಮಕಾಲಜಿ

ತುಂಬಾ ಉಪಯೋಗವಾಯಿತು ಸರ್. ಪಕ್ಕದ ವಿಭಾಗದಲ್ಲಿ ಪವರ್‌ಲ್ಯಾಬ್ (ಸಿಗ್ನಲ್ಲನ್ನು ಕಂಪ್ಯೂಟರಿಗೆ ದಾಖಲಿಸುವ ಉಪಕರಣ) ಇದೆ, ಬಯೋ-ಆಂಪ್ ಜೊತೆಗೆ; ವಾರಕ್ಕೊಮ್ಮೆ ಸಿಗಬಹುದು. ಇನ್ನೊಂದು ಆಯ್ಕೆ ಎಡಿ8232 ಎಂಬ ಚಿಕ್ಕ ಇಸಿಜಿ ಬೋರ್ಡ್ ಮತ್ತು ಆರ್ಡುಯಿನೊ, ಒಬ್ಬರು ಅದೇ ಸಾಕು ಎಂದರು.

ಕ್ಯೂಟಿ ವಿಷಯ ಇನ್ನೂ ತಿಳಿಯಲಿಲ್ಲ. ಮೌಸ್‌ನಲ್ಲಿ ಟಿ ಎಲ್ಲಿ ಮುಗಿಯುತ್ತದೆ? ಬ್ಯಾಜೆಟ್ ಹಾಕಬಹುದೇ? ರ‍್ಯಾಟ್‌ನ ಎಸ್‌ಟಿಗೆ ಏನು ಮಾಡಲಿ?

ಸೋಸುಗ

ಆ ಬೋರ್ಡ್ ಮನುಷ್ಯರ ಬಡಿತ ನೋಡಲು ಮಾಡಿದ್ದು. ಅದರ ಮೇಲಿನ ರೆಸಿಸ್ಟರ್, ಕೆಪಾಸಿಟರ್‌ಗಳೇ ಸಿಗ್ನಲ್ಲನ್ನು ಕೆಲವೇ ಹತ್ತಾರು ಹರ್ಟ್ಸ್‌ಗೆ ಕತ್ತರಿಸುತ್ತವೆ. ಮತ್ತೆ 35 ಹರ್ಟ್ಸ್ ಕಥೆಯೇ. ದರ ಎಣಿಸಲು ಸಾಕು, ಕ್ಯೂಆರ್‌ಎಸ್‌ಗೆ ಅಲ್ಲ. ಬಿಡಿಭಾಗ ಬದಲಿಸಿ ಬೆಸೆಯಲು ಬರುವವರಿದ್ದರೆ ಬೇರೆ ಮಾತು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ, ಪ್ರಾಣಿಗೆ ತಗುಲಿದ ಸರ್ಕ್ಯೂಟ್ ಗೋಡೆಯ ವಿದ್ಯುತ್ತಿಗೆ ಸೇರಬಾರದು.

ಪವರ್‌ಲ್ಯಾಬ್ ಸಿಗುತ್ತದಾದರೆ ಅದನ್ನೇ ಹಿಡಿಯಿರಿ. 2 ಕಿಲೋಹರ್ಟ್ಸ್, 0.5 ಹರ್ಟ್ಸ್ ಹೈ-ಪಾಸ್, 500 ಹರ್ಟ್ಸ್ ಲೋ-ಪಾಸ್, ನಾಚ್ ಆಫ್. ದಾಖಲಿಸುವಾಗ ಕಚ್ಚಾ ಸಿಗ್ನಲ್ ಉಳಿಸಿ, ಸೋಸುವುದೆಲ್ಲ ಆಮೇಲೆ ಸಾಫ್ಟ್‌ವೇರ್‌ನಲ್ಲಿ. ವಿಶ್ಲೇಷಣೆಯ ಸೆಟ್ಟಿಂಗ್‌ನಲ್ಲಿ ಪ್ರಾಣಿಯ ಜಾತಿ ಬದಲಿಸಿದ್ದೀರಾ ನೋಡಿ. ‘ಮನುಷ್ಯ’ ಎಂದೇ ಉಳಿದರೆ ಕ್ಯೂಟಿಯನ್ನು ನೂರಾರು ಮಿ.ಸೆ. ದೂರದಲ್ಲಿ ಹುಡುಕುತ್ತಾ ಮುಂದಿನ ಬಡಿತದ ಪಿ ಅಲೆಯನ್ನು ಟಿ ಎಂದು ಹಿಡಿಯುತ್ತದೆ.

ಲೀಡ್_ಟೂ

ಟಿ ಪ್ರಶ್ನೆಗೆ ಉತ್ತರ ಹೃದಯದ ಕೋಶದಲ್ಲೇ ಇದೆ. ಮನುಷ್ಯರ ಹೃತ್ಕುಕ್ಷಿಯ (ವೆಂಟ್ರಿಕಲ್) ಕೋಶದಲ್ಲಿ ಆಕ್ಷನ್ ಪೊಟೆನ್ಷಿಯಲ್ (ಕೋಶದ ವಿದ್ಯುತ್ ಏರಿಳಿತ) ಮೇಲೇರಿ, ಒಂದು ಪ್ರಸ್ಥಭೂಮಿಯಂತೆ ನಿಂತು, ಆಮೇಲೆ ಇಳಿಯುತ್ತದೆ. ಆ ನಿಂತ ಹೊತ್ತೇ ಸಪಾಟಾದ ಎಸ್‌ಟಿ. ಮೌಸ್ ಮತ್ತು ರ‍್ಯಾಟ್‌ಗಳಲ್ಲಿ ಐಟಿಒ ಎಂಬ ಪೊಟ್ಯಾಶಿಯಂ ಪ್ರವಾಹ ಬಲು ಜೋರು. ಮೌಸ್‌ನಲ್ಲಿ ಅದರ ಜೊತೆ ಐಕೆಯುಆರ್ ಎಂಬ ಇನ್ನೊಂದು ಪೊಟ್ಯಾಶಿಯಂ ಪ್ರವಾಹ ಕೂಡ. ಏರಿದ ಕೂಡಲೇ ಇಳಿಸಲು ತೊಡಗುತ್ತವೆ, ಪ್ರಸ್ಥಭೂಮಿ ಇಲ್ಲವೇ ಇಲ್ಲ. ಆದ್ದರಿಂದ ಸಪಾಟಾದ ಎಸ್‌ಟಿಯೂ ಇಲ್ಲ. ಕ್ಯೂಆರ್‌ಎಸ್ ಮುಗಿಯುತ್ತಿದ್ದಂತೆ ಮೌಸ್‌ನಲ್ಲಿ ಮೇಲ್ಮುಖವಾದ ಜೆ ಅಲೆ ಬರುತ್ತದೆ, ಅದು ಪುನರ್ಧ್ರುವೀಕರಣದ (ಕೋಶ ಮತ್ತೆ ವಿಶ್ರಾಂತ ಸ್ಥಿತಿಗೆ ಮರಳುವುದು) ಆರಂಭ. ಅದರ ಹಿಂದೆ ತಗ್ಗಾದ, ಎಷ್ಟೋ ಸಲ ಬೇಸ್‌ಲೈನಿನ ಕೆಳಗೆ ಹೋಗುವ ಉದ್ದ ಬಾಲ. ಆ ಬಾಲ ಟಿಪಿ ಗೆರೆಗೆ (ಟಿ ಮುಗಿದು ಮುಂದಿನ ಪಿ ಬರುವವರೆಗಿನ ಸಪಾಟು ಗೆರೆ) ಮರಳುವ ಜಾಗವೇ ಟಿ ಅಂತ್ಯ ಎಂದು ಇಟ್ಟುಕೊಳ್ಳಿ.

ಜೆ ಅಲೆಯನ್ನು ಕ್ಯೂಆರ್‌ಎಸ್‌ಗೆ ಸೇರಿಸಿದರೆ ಕ್ಯೂಆರ್‌ಎಸ್ 20 ದಾಟುತ್ತದೆ. ಜೆ ಅಲೆಯೇ ಟಿ ಎಂದು ಅಲ್ಲಿಗೇ ನಿಲ್ಲಿಸಿದರೆ ಕ್ಯೂಟಿ 20–25ಕ್ಕೆ ಇಳಿಯುತ್ತದೆ. ಹೀಗಾಗಿಯೇ ಒಂದೇ ತಳಿಯ ಆರೋಗ್ಯವಂತ ಪ್ರಾಣಿಗೆ ಬೇರೆ ಬೇರೆ ಪ್ರಬಂಧಗಳಲ್ಲಿ ಇಷ್ಟು ಬೇರೆ ಬೇರೆ ‘ನಾರ್ಮಲ್’. ಯಾವುದನ್ನು ಹಿಡಿದಿರಿ ಎಂದು ಒಂದು ಗೆರೆಯಲ್ಲಿ ಬರೆಯಿರಿ, ಮಾದರಿ ಅಲೆಯ ಚಿತ್ರದ ಮೇಲೆ ಗುರುತು ಹಾಕಿ ತೋರಿಸಿ.

ಒಂದೊಂದೇ ಬಡಿತದ ಮೇಲೆ ಬಾಲದ ಕೊನೆ ಹುಡುಕಲು ಹೋಗಬೇಡಿ. ಆರ್ ತುದಿಗೆ ಜೋಡಿಸಿ 50–100 ಬಡಿತಗಳ ಸರಾಸರಿ ತೆಗೆಯಿರಿ; ಆ ತುಂಡಿನೊಳಗೆ ದರ ಸ್ಥಿರವಾಗಿರಬೇಕು, ಇಲ್ಲದಿದ್ದರೆ ಪಿ ಅಲೆ ಮಸುಕಾಗುತ್ತದೆ. ದರ 600 ಇದ್ದರೆ ಆರ್‌ಆರ್ (ಎರಡು ಬಡಿತಗಳ ನಡುವಿನ ಅಂತರ) 100 ಮಿ.ಸೆ.; ಅದರಲ್ಲಿ ಕ್ಯೂಟಿ 50, ಪಿಆರ್ 35 ಕಳೆದರೆ ಟಿಪಿಗೆ ಉಳಿಯುವುದು 15 ಮಿ.ಸೆ. ಇನ್ನೂ ವೇಗ ಹೆಚ್ಚಿದರೆ ಬಾಲದ ಮೇಲೆಯೇ ಮುಂದಿನ ಪಿ ಹತ್ತುತ್ತದೆ, ಅಂಥ ದಾಖಲೆಯಲ್ಲಿ ಕ್ಯೂಟಿ ಅಳೆಯದಿರುವುದೇ ಪ್ರಾಮಾಣಿಕ.

ಬ್ಯಾಜೆಟ್ ಬೇಡ. ಆ ಸೂತ್ರ ಆರ್‌ಆರ್ ಒಂದು ಸೆಕೆಂಡ್ ಎಂಬ ನೆಲೆಗೆ ಎಲ್ಲವನ್ನೂ ಎಳೆಯುತ್ತದೆ. ನಿಮ್ಮ 110 ಅದರಲ್ಲಿ 233 ಆದದ್ದು ಹಾಗೆ; ಮೌಸ್‌ನ ಇಡೀ ಬಡಿತವೇ 222 ಮಿ.ಸೆ. ಇರುವಾಗ 233ರ ಕ್ಯೂಟಿಸಿಗೆ ಅರ್ಥವೇನು? ಮಿಚೆಲ್ ಮತ್ತು ಸಂಗಡಿಗರು 1998ರಲ್ಲಿ ಕೊಟ್ಟ ರೂಪದಲ್ಲಿ ಆರ್‌ಆರ್ ಅನ್ನು 100ರಿಂದ ಭಾಗಿಸಿ, ಅದರ ವರ್ಗಮೂಲದಿಂದ ಕ್ಯೂಟಿಯನ್ನು ಭಾಗಿಸುತ್ತಾರೆ. ನಿಮ್ಮ ಅಂಕಿಗೆ 74 ಬರುತ್ತದೆ. ಆದರೆ ಅದೂ ಎಚ್ಚರವಿದ್ದ ಮೌಸ್‌ಗಳ ದತ್ತಾಂಶದಿಂದ ಬಂದದ್ದು. ಅರಿವಳಿಕೆಯಲ್ಲಿ ಮೌಸ್‌ನ ಕ್ಯೂಟಿ ದರಕ್ಕೆ ತಕ್ಕಂತೆ ಅಷ್ಟಾಗಿ ಬದಲಾಗುವುದಿಲ್ಲ ಎಂಬ ಆಕ್ಷೇಪಣೆ ಬಂದಿದೆ, ನನಗೆ ಅದು ಸರಿ ಎನಿಸುತ್ತದೆ. ತಿದ್ದುಪಡಿ ಮಾಡದ ಕ್ಯೂಟಿಯನ್ನೂ ಆರ್‌ಆರ್ ಅನ್ನೂ ಪಕ್ಕಪಕ್ಕದಲ್ಲಿ ಕೊಡಿ. ಕ್ಯೂಟಿಸಿ ಕೇಳಿದರೆ ಸೇರಿಸಿ.

ಹಾಗೆಯೇ, ಮುಂದೆ ಯಾರಾದರೂ ಕ್ಯೂಟಿ ಉದ್ದ ಮಾಡುವ ಔಷಧವನ್ನು ಮೌಸ್‌ನಲ್ಲಿ ಪರೀಕ್ಷಿಸೋಣ ಎಂದರೆ ತಡೆಯಿರಿ. ವಯಸ್ಕ ಮೌಸ್‌ನ ಪುನರ್ಧ್ರುವೀಕರಣದಲ್ಲಿ ಐಕೆಆರ್ ಎಂಬ ಪೊಟ್ಯಾಶಿಯಂ ಪ್ರವಾಹದ ಪಾತ್ರ ನಗಣ್ಯ. ಆ ಪ್ರವಾಹ ಹರಿಯುವ ಹರ್ಗ್ ಚಾನೆಲ್ ಮುಚ್ಚುವ ಔಷಧ ಕೊಟ್ಟರೂ ಏನೂ ಕಾಣದೆ ‘ಸುರಕ್ಷಿತ’ ಎಂಬ ಸುಳ್ಳು ಉತ್ತರ ಬರುತ್ತದೆ. ಅದಕ್ಕೆ ಗಿನಿಪಿಗ್. ಅದರಲ್ಲಿ ಪ್ರಸ್ಥಭೂಮಿಯೂ ಇದೆ, ಐಕೆಆರ್, ಅದರ ನಿಧಾನ ಜೊತೆಗಾರ ಐಕೆಎಸ್ ಎರಡೂ ಇವೆ.

ರ‍್ಯಾಟ್ ಎಸ್‌ಟಿ: ಎಸ್ ಅಲೆಯಿಂದ ನೇರವಾಗಿ ಟಿ ಏಳುವುದರಿಂದ ಆರೋಗ್ಯವಂತ ರ‍್ಯಾಟ್‌ನಲ್ಲೂ ಜೆ ಬಿಂದು (ಕ್ಯೂಆರ್‌ಎಸ್ ಮುಗಿಯುವ ಜಾಗ) ಬೇಸ್‌ಲೈನಿನ ಮೇಲೆ ಇರುತ್ತದೆ. ನೀವು ಕಂಡದ್ದು ರೋಗವಲ್ಲ. ಐಸೊಪ್ರಿನಲಿನ್ 85 ಮಿ.ಗ್ರಾಂ/ಕೆಜಿ ಚರ್ಮದಡಿ, 24 ಗಂಟೆ ಅಂತರದಲ್ಲಿ ಎರಡು ಸಲ ಕೊಡುವ ಮಾದರಿಯಲ್ಲಿ ‘ಎಸ್‌ಟಿ ಏರಿದೆ’ ಎಂದು ಕಣ್ಣಂದಾಜಿನಲ್ಲಿ ಬರೆದರೆ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರಬೇಕು, ಕೇಳುವುದಿಲ್ಲ ಅಷ್ಟೇ. ಜೆ ಬಿಂದುವಿನಿಂದ 10 ಮಿ.ಸೆ. ಆಚೆಗಿನ ಎತ್ತರವನ್ನು ಪಿ ಮತ್ತು ಕ್ಯೂ ನಡುವಿನ ಗೆರೆಗೆ ಹೋಲಿಸಿ ಮಿಲಿವೋಲ್ಟ್‌ನಲ್ಲಿ ತೆಗೆಯಿರಿ, ಅದೇ ಪ್ರಾಣಿಯ ಔಷಧ ಮುಂಚಿನ ಅಂಕಿಯನ್ನು ಕಳೆಯಿರಿ. ಇನ್ನೊಂದು ಪ್ರಾಣಿಯೊಂದಿಗೆ ಹೋಲಿಸಬೇಡಿ. ಸೂಜಿ ಅರ್ಧ ಸೆಂ.ಮೀ. ಸರಿದರೂ ಎತ್ತರ ಬದಲಾಗುತ್ತದೆ. ಸೂಜಿ ಹಾಕುವ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿಡಿ.

ಟೆಲಿಮೆಟ್ರಿ_ಮ್ಯೂನಿಕ್

ಅರಿವಳಿಕೆಯ ಅಂಕಿಗಳನ್ನೇ ‘ನಾರ್ಮಲ್’ ಎನ್ನುತ್ತಿದ್ದೀರಿ, ಅದಕ್ಕೊಂದು ತಕರಾರು. ಅರಿವಳಿಕೆಯ 500 ಎಂಬುದು ಅರಿವಳಿಕೆಯ 500 ಅಷ್ಟೇ.

ಚರ್ಮದಡಿ ಇಡುವ ಟ್ರಾನ್ಸ್‌ಮಿಟರ್ ಬಳಸಿದರೆ ಪ್ರಾಣಿ ಪಂಜರದಲ್ಲಿ ತನ್ನಷ್ಟಕ್ಕೆ ಓಡಾಡುವಾಗಲೇ ಇಸಿಜಿ ಬರುತ್ತದೆ. ನೆಗೆಟಿವ್ ತಂತಿ ಬಲ ಎದೆಸ್ನಾಯುವಿನ ಮೇಲೆ, ಪಾಸಿಟಿವ್ ಎಡ ಕೆಳ ಪಕ್ಕೆಲುಬಿನ ಬಳಿ, ಅಂದರೆ ಲೀಡ್ ಎರಡರ ದಿಕ್ಕೇ. ಮೌಸ್ 20 ಗ್ರಾಂ ದಾಟಿರಬೇಕು. ತಂತಿಯ ತುದಿಯನ್ನು ಸ್ನಾಯುವಿಗೆ ಹೊಲಿದು ಕಟ್ಟಬೇಕು. ಸಡಿಲಾದರೆ ಪ್ರಾಣಿ ಮೈ ಕೆರೆದುಕೊಂಡಾಗೆಲ್ಲ ಗದ್ದಲ. ಶಸ್ತ್ರಚಿಕಿತ್ಸೆಯ ನಂತರ ಹಲವು ದಿನ ದರ ಏರಿಯೇ ಇರುತ್ತದೆ, ಹಗಲು–ರಾತ್ರಿಯ ಏರಿಳಿತ ಮರಳುವವರೆಗೆ, ಸಾಮಾನ್ಯವಾಗಿ 7–10 ದಿನ, ಬೇಸ್‌ಲೈನ್ ತೆಗೆಯಬಾರದು. ಆಮೇಲೆ ಕನಿಷ್ಠ 24 ಗಂಟೆ ದಾಖಲಿಸಿ ಬೆಳಕಿನ ಹೊತ್ತು, ಕತ್ತಲ ಹೊತ್ತು ಬೇರೆ ಬೇರೆಯಾಗಿ ಕೊಡಿ. ಇವು ರಾತ್ರಿ ಚುರುಕಾಗುವ ಪ್ರಾಣಿಗಳು.

ಆ ದರವೂ ಕೋಣೆಯ ತಾಪಮಾನಕ್ಕೆ ಕಟ್ಟುಬಿದ್ದದ್ದು ಎಂಬುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ನಮಗೆ ಹಿತವಾದ 22 ಡಿಗ್ರಿ ಮೌಸ್‌ಗೆ ಚಳಿ. ಮೈ ಬಿಸಿ ಉಳಿಸಿಕೊಳ್ಳಲು ಸಿಂಪಥೆಟಿಕ್ ಸದಾ ಕೆಲಸ ಮಾಡುತ್ತಿರುತ್ತದೆ, ದರ 550ರ ಸುತ್ತ ಇರುತ್ತದೆ. 30 ಡಿಗ್ರಿಯಲ್ಲಿ ಇಟ್ಟರೆ ವಿಶ್ರಾಂತಿಯ ದರ 400ಕ್ಕೆ, ಅದಕ್ಕಿಂತ ಕೆಳಗೂ ಇಳಿಯುತ್ತದೆ.

ಹಾರ್ಟ್ ರೇಟ್ ವೇರಿಯಬಿಲಿಟಿ (ಬಡಿತಗಳ ಅಂತರದ ಏರಿಳಿತ) ಬೇಕಾದರೆ ಈ ಟ್ರಾನ್ಸ್‌ಮಿಟರ್ ವಿಧಾನ, ಅಂದರೆ ಟೆಲಿಮೆಟ್ರಿಯೇ ಬೇಕು. ಅರಿವಳಿಕೆ ಅದನ್ನು ಅಳಿಸಿಹಾಕುತ್ತದೆ. ಮನುಷ್ಯರ ಆವರ್ತನ ಬ್ಯಾಂಡ್‌ಗಳನ್ನು ಎತ್ತಿ ಹಾಕಬೇಡಿ. ಮೌಸ್‌ನ ಹೈ ಫ್ರೀಕ್ವೆನ್ಸಿ ಬ್ಯಾಂಡ್ ಸುಮಾರು 1.5ರಿಂದ 5 ಹರ್ಟ್ಸ್, ಏಕೆಂದರೆ ಉಸಿರಾಟವೇ ಆ ವೇಗದಲ್ಲಿದೆ.

ಪಶುವೈದ್ಯ_ಬೀದರ್

ಮೇಡಂ ಹೇಳುವುದು ನಿಜ, ಆದರೆ ಎಂ.ಫಾರ್ಮ್ ಬಜೆಟ್ಟಿನಲ್ಲಿ ಟೆಲಿಮೆಟ್ರಿ ಬರುವುದಿಲ್ಲ. ಕೈಯಲ್ಲಿ ಹಿಡಿದು, ಇಲ್ಲವೇ ರಿಸ್ಟ್ರೈನರ್‌ನಲ್ಲಿ ತುರುಕಿ ‘ಎಚ್ಚರದ ಇಸಿಜಿ’ ತೆಗೆಯುವ ಅಡ್ಡದಾರಿ ಮಾತ್ರ ಹಿಡಿಯಬೇಡಿ. ಹೆದರಿದ ಮೌಸ್ 700 ದಾಟುತ್ತದೆ, ಅದರ ಮೇಲೆ ಸ್ನಾಯುವಿನ ಗದ್ದಲ. ಅದಕ್ಕಿಂತ ಹದವಾದ ಐಸೊಫ್ಲುರೇನ್ ಮೇಲು. ಶೀರ್ಷಿಕೆಯಲ್ಲೇ ‘ಐಸೊಫ್ಲುರೇನ್ 1.5%, 37 ಡಿಗ್ರಿ’ ಎಂದು ಬರೆದುಬಿಟ್ಟರೆ ತಕರಾರಿಲ್ಲ.

ದಾವಣಗೆರೆ_ಫಾರ್ಮಕಾಲಜಿ

ಒಪ್ಪಿದೆ. ಐಎಇಸಿ ತಿದ್ದುಪಡಿ ಬರೆಯುತ್ತಿದ್ದೇನೆ. ಕೊನೆಯ ಪ್ರಶ್ನೆ: ಈಗಾಗಲೇ ತೆಗೆದ ಕಾಗದದ ದಾಖಲೆಗಳಿಂದ ಏನಾದರೂ ಉಳಿಸಿಕೊಳ್ಳಬಹುದೇ? ಪ್ರಾಣಿಗಳನ್ನು ಮತ್ತೆ ಬಳಸಬಹುದೇ?

ಲೀಡ್_ಟೂ

ಕಾಗದದಲ್ಲಿ ಲಯ ಸೈನಸ್ ಹೌದೋ ಅಲ್ಲವೋ, ಬಡಿತ ಬಿಟ್ಟುಹೋಗಿದೆಯೋ ಎಂಬುದನ್ನು ನೋಡಬಹುದು. ಕೈಯಿಂದ ಎಣಿಸಿದ ದರವನ್ನು ‘ಕೆಟಮಿನ್–ಜೈಲಜಿನ್, ತಾಪಮಾನ ಅಳೆದಿಲ್ಲ’ ಎಂಬ ಟಿಪ್ಪಣಿಯೊಂದಿಗೆ ಇಡಬಹುದು. ಪಿಆರ್, ಕ್ಯೂಆರ್‌ಎಸ್, ಕ್ಯೂಟಿ ಬಿಟ್ಟುಬಿಡಿ, ಹೊಸ ಅಂಕಿಗಳ ಜೊತೆ ಬೆರೆಸಲಂತೂ ಬೇಡ.

ಪಶುವೈದ್ಯ_ಬೀದರ್

ಪ್ರಾಣಿಗಳ ಮರುಬಳಕೆ ಅನುಮೋದಿತ ಪ್ರೋಟೊಕಾಲ್‌ನಲ್ಲಿ ಇದ್ದರೆ ಮಾತ್ರ. ಇದ್ದರೆ ಒಂದು ವಾರ ಬಿಡುವು ಕೊಡಿ, ತೂಕ ಮೊದಲಿನ ಮಟ್ಟಕ್ಕೆ ಬಂದಿರಬೇಕು, ಕ್ಲಿಪ್ ಹಾಕಿದ್ದ ಕಾಲು ಬಾತಿರಬಾರದು. ಬಾತಿದ್ದರೆ ಆ ಪ್ರಾಣಿಯನ್ನು ಬೇಸ್‌ಲೈನ್ ಗುಂಪಿನಿಂದ ಹೊರಗಿಟ್ಟು ಮೊದಲು ಚಿಕಿತ್ಸೆ ಮಾಡಿ.